ಕೊಡೆ ಬಟ್ಟೆಯ ರೆಕ್ಕೆಗಳು

ಹೋದ ವಾರ ಒಂದು ಹಳೆಯ ಪಿನ್ನು ಹುಡುಕಲು ಅಂಗಡಿಯಲ್ಲಿ ಮೈಕ್‌ಸೆಟ್ಟಿನ ಕಬ್ಬಿಣದ ಪೆಟ್ಟಿಗೆ ತೆಗೆದೆ. ಅಡಿಯಲ್ಲಿ, ವೈರಿನ ಸುರುಳಿಗೆ ಸುತ್ತಿಕೊಂಡು ಒಂದು ಕಪ್ಪು ಬಟ್ಟೆ ಇತ್ತು. ಬಿಡಿಸಿದರೆ ಕೊಡೆಯ ಬಟ್ಟೆ. ಮೂಗಿನ ಹತ್ತಿರ ಹಿಡಿದೆ. ಮಳೆಗಾಲದಲ್ಲಿ ಒಲೆಯ ಮೇಲೆ ಕಟ್ಟಿ ಒಣಗಿಸಿದ ಬಟ್ಟೆಗೆ ಬರುತ್ತದಲ್ಲ, ಅರ್ಧ ಹೊಗೆ, ಅರ್ಧ ಮುಗ್ಗಲು… ಅದೇ ವಾಸನೆ. ಇಷ್ಟು ವರ್ಷವಾದರೂ ಹೋಗಿಲ್ಲ.

"ಅಪ್ಪಾ, ಇದೇನು ಹರಕು? ಎಸೆಯೋದಾ?" ಎಂದಳು ಮಗಳು.

"ಎಸೀಬೇಡ ಕಣವ್ವ. ಅದು ಒಬ್ಬಳ ರೆಕ್ಕೆ" ಎಂದೆ.

ಅವಳು ನಕ್ಕಳು. ನನಗೆ ವಾರ್ಡನ್ ಮಿಸ್ ನೆನಪಾದರು.

ಆಗ ನಾನು ಶನಿವಾರಸಂತೆ ಸುತ್ತಮುತ್ತ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಮದುವೆ, ನಾಮಕರಣ, ಪಂದ್ಯಾಟ, ಏನಿದ್ದರೂ ನಾನೇ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದು ಬಾವುಟ ಹಾರಿಸುವ ದಿನ ನಾನು "ಹಲೋ, ಮೈಕ್ ಟೆಸ್ಟಿಂಗ್" ಎನ್ನುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು. ಮೈಕಿಲ್ಲದೆ ನನ್ನ ಮೈಕಿಗಿಂತ ಜೋರು.

"ಏನಪ್ಪ ಮೈಕು, ಎಷ್ಟು ವರ್ಷದಿಂದ ಅದೊಂದೇ ಪಾಠ ಒಪ್ಪಿಸ್ತಿದೀಯ? ಮುಂದಿನ ಪಾಠ ಓದೋದಿಲ್ವಾ?"

ತಿರುಗಿ ನೋಡಿದರೆ ವಾರ್ಡನ್ ಮಿಸ್. ಉದ್ದಕ್ಕೆ, ಸಣ್ಣಕ್ಕೆ, ಕೈಯಲ್ಲಿ ಗಂಡಸರ ವಾಚು, ಬಿಸಿಲಿದ್ದರೂ ಕಂಕುಳಲ್ಲಿ ಕೊಡೆ. ಹಾಸನದ ಕಡೆಯವರು. ಮದುವೆಯಾಗಿರಲಿಲ್ಲ. ಮುಂದಿನ ಭಾನುವಾರದಿಂದ ನನ್ನನ್ನು ಹಾಸ್ಟೆಲಿನ ಜಗಲಿಯಲ್ಲಿ ಕೂರಿಸಿ ಎಸ್ಸೆಸ್ಸೆಲ್ಸಿ ಪಾಠ ಶುರು ಮಾಡಿಯೇಬಿಟ್ಟರು. ನನಗಾಗಲೇ ಮೀಸೆ ಬಂದು, ಮದುವೆಯೂ ಆಗಿತ್ತು. ಹಾಸ್ಟೆಲಿನ ಹುಡುಗಿಯರಿಗೆ ಅದೊಂದು ತಮಾಷೆ. "ಮೈಕಣ್ಣ, ಹೋಂವರ್ಕ್ ಮಾಡಿದೀರಾ? ಇಲ್ಲಾಂದ್ರೆ ಬಗ್ಗಿಸಿ ನಿಲ್ಲಿಸ್ತಾರೆ ನೋಡಿ" ಎಂದು ಕಿಟಕಿಯಿಂದ ಅಣಕಿಸುತ್ತಿದ್ದರು.

ಆ ಭಾನುವಾರಗಳಲ್ಲೇ ನಾನು ಆ ಕಾರ್ಟೂನು ಕಂಡಿದ್ದು. ಹಾಸ್ಟೆಲಿನ ಟೀವಿಯಲ್ಲಿ ಬೆಳಿಗ್ಗೆ ಬರುತ್ತಿತ್ತು. ಜಪಾನಿನದು, ಮಾತು ಹಿಂದಿ. ಮೊದಲು ಒಂದು ದೊಡ್ಡ ಕಾರ್ಟೂನು ಇತ್ತಂತೆ. ನೀರಿನ ಮೇಲೆ ತೇಲುವ ಒಂದು ಊರು, ಯಂತ್ರದೊಳಗೆ ಕೂತು ಆ ಊರನ್ನು ಕಾಯುವ ಹುಡುಗರು. ಅದರಲ್ಲಿ ಯೂನಿಫಾರಂ ಹಾಕಿದ ನಾಲ್ಕು ಶಾಲಾ ಹುಡುಗಿಯರು ಆಗಾಗ ಮೂಲೆಯಲ್ಲಿ ಬಂದು ಚಪ್ಪಾಳೆ ತಟ್ಟಿ ಹೋಗುತ್ತಿದ್ದರಂತೆ. ಆಮೇಲೆ ಆ ಮೂಲೆಯ ಹುಡುಗಿಯರಿಗೇ ಬೇರೆ ಒಂದು ಕಾರ್ಟೂನು ಮಾಡಿದರು. ಹಾಸ್ಟೆಲಿನಲ್ಲಿ ನೋಡುತ್ತಿದ್ದದ್ದು ಅದು. ಒಬ್ಬಳು ಕೈ ಎತ್ತಿದರೆ ಗಾಳಿ ಏಳುತ್ತಿತ್ತು. ಒಬ್ಬಳು ಯಂತ್ರಗಳ ಜೊತೆ ಮಾತಾಡುತ್ತಿದ್ದಳು. ಇನ್ನೊಬ್ಬಳು ಕಣ್ಣಲ್ಲೇ ಬೆಳಕು ಬಿಡುತ್ತಿದ್ದಳು. ನಾಲ್ಕನೆಯವಳು ಮೂವರ ಬ್ಯಾಗು ಹಿಡಿದುಕೊಂಡು ಹಿಂದೆ ನಿಂತಿರುತ್ತಿದ್ದಳು.

ಆ ವೇಗದ ಹಿಂದಿ ಹುಡುಗಿಯರಿಗೆ ಅರ್ಥವಾಗುತ್ತಿರಲಿಲ್ಲ. ಕಾಫಿ ಎಸ್ಟೇಟಿನ ಕೂಲಿಯವರ ಲೈನುಮನೆಗಳಿಂದ ಬಂದ ಮಕ್ಕಳು. ಒಬ್ಬಳ ಮನೆಯಲ್ಲಿ ತಮಿಳು, ಒಬ್ಬಳದು ಮಲಯಾಳ, ಒಬ್ಬಳು ಗಾಳಿಬೀಡು ಕಡೆಯ ಅರೆಭಾಷೆಯವಳು. ವಾರ್ಡನ್ ಮಿಸ್ಸಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತು, ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಸಿಟ್ಟಿನ ಮಾತಾದರೆ ಸಿಟ್ಟಿನಲ್ಲೇ, ಅಳುವ ಮಾತಾದರೆ ಅಳುತ್ತಲೇ. ನಾನು ಜಗಲಿಯಲ್ಲಿ ಬೀಜಗಣಿತ ಬಿಟ್ಟು ಅದನ್ನೇ ಕೇಳುತ್ತಿದ್ದೆ.

ಹಾಸ್ಟೆಲಿನ ಹುಡುಗಿಯರು ಹೋಗುತ್ತಿದ್ದ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಶಾಲೆಯ ಹೆಸರು ಬೇಡ, ಈಗ ಅಲ್ಲಿ ಎಲ್ಲ ಬದಲಾಗಿದೆ. ವಾರ್ಷಿಕೋತ್ಸವ ಬಂತೆಂದರೆ ಪೇಟೆಯ ಮಕ್ಕಳು ಬಾಡಿಗೆ ಡ್ರೆಸ್ ತರಿಸಿ ಡ್ಯಾನ್ಸು ಮಾಡುವುದು, ಹಾಸ್ಟೆಲಿನ ಹುಡುಗಿಯರು ಕುರ್ಚಿ ಹಾಕುವುದು, ನೀರು ಕೊಡುವುದು, ಆಮೇಲೆ ಹಿಂದಿನ ಗೋಡೆಗೆ ಒರಗಿ ನಿಂತು ನೋಡುವುದು. ಯಾರೂ ಹೀಗೇ ಆಗಬೇಕೆಂದು ಹೇಳಿರಲಿಲ್ಲ. ಹಾಗೇ ನಡೆದುಕೊಂಡು ಬಂದಿತ್ತು.

ಆ ವರ್ಷ ವಾರ್ಡನ್ ಮಿಸ್ ಹೆಡ್‌ಮಾಸ್ಟರ ಮುಂದೆ ಹೋಗಿ ನಿಂತರು. ನಾನು ಸ್ಟೇಜಿನ ಅಳತೆಗೆಂದು ಅಲ್ಲೇ ಇದ್ದೆ.

"ಒಂದೇ ಒಂದು ಐಟಮ್ ಕೊಡಿ ಸಾರ್, ನಮ್ಮ ಹುಡುಗೀರಿಗೆ."

"ಹಾಸ್ಟೆಲ್ ಮಕ್ಕಳು ವ್ಯವಸ್ಥೆ ನೋಡ್ಕೋತಾರಲ್ಲ ಮೇಡಂ. ಅದೂ ಒಂದು ಜವಾಬ್ದಾರಿನೇ."

"ಜಪಾನಿನೋರು ಮೂಲೇಲಿ ನಿಂತಿದ್ದ ಹುಡುಗೀರಿಗೆ ಪೂರ್ತಿ ಒಂದು ಕತೆ ಕೊಟ್ಟಿದಾರೆ ಸಾರ್. ನಿಮ್ಮತ್ರ ಒಂದು ಐಟಮ್ ಇಲ್ವಾ?"

ಹೆಡ್‌ಮಾಸ್ಟರಿಗೆ ಜಪಾನು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. "ಕೆಟ್ಟುಹೋದ್ರೆ ಆಮೇಲೆ ನನ್ನ ಕೇಳ್ಬೇಡಿ" ಎಂದರು.

"ಕೆಟ್ಟುಹೋದ್ರೆ ಮತ್ತೆ ಯಾವತ್ತೂ ಕೇಳೋದಿಲ್ಲ" ಎಂದರು ಮಿಸ್.

ಮಾತು ಕೊಟ್ಟು ಹೊರಗೆ ಬಂದರು. ಇದೊಂದು ಸಲ ಬಿದ್ದರೆ ಆ ಹುಡುಗಿಯರಿಗೆ ಮುಂದೆಂದೂ ಸ್ಟೇಜಿಲ್ಲ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಕಾರ್ಟೂನನ್ನೇ ನಾಟಕ ಮಾಡುವುದೆಂದಾಯಿತು. ಡ್ರೆಸ್ಸಿಗೆ ಏನು ಮಾಡುವುದು? ನಮ್ಮಲ್ಲಿ ಮಳೆಗಾಲ ಮುಗಿದರೆ ಮುರಿದ ಕೊಡೆಗೇನು ಬರವೇ? ಮನೆಮನೆಯಿಂದ ಬೇಡಿ ತಂದು, ಕಡ್ಡಿ ಬಿಚ್ಚಿ, ಬಟ್ಟೆ ತೊಳೆದು, ಅಡುಗೆಮನೆಯ ಒಲೆಯ ಮೇಲೆ ಒಣಗಿಸಿ, ನಡುವೆ ಕತ್ತರಿಸಿ ಹೊದಿಕೆ ಹೊಲಿದರು. ಕೈ ಚಾಚಿದರೆ ರೆಕ್ಕೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು.

ಮೂರು ಶಕ್ತಿಯ ಪಾತ್ರಗಳಿಗೆ ಜಗಳವೇ ಆಯಿತು. ಬ್ಯಾಗು ಹಿಡಿಯುವವಳ ಪಾತ್ರ ಯಾರಿಗೂ ಬೇಡ. ಕೊನೆಗೆ ಅದು ಒಬ್ಬ ಗಿಡ್ಡ ಹುಡುಗಿಗೆ ಬಂತು. ವರ್ಷದ ನಡುವೆ ಬಂದು ಸೇರಿದವಳು, ಬೇಡ ಎನ್ನಲು ಬರುತ್ತಿರಲಿಲ್ಲ.

"ಅವಳಿಗೇನೂ ಶಕ್ತಿನೇ ಇಲ್ವಲ್ಲ ಮಿಸ್" ಎಂದು ಗಾಳಿಯ ಹುಡುಗಿ ನಕ್ಕಳು. "ಕೂಲಿಯವಳು ಅವಳು."

ಟೀವಿಯಲ್ಲಿ ಆಗ ಆ ನಾಲ್ಕನೆಯವಳೇ ಏನೋ ಹೇಳುತ್ತಿದ್ದಳು. ವಾರ್ಡನ್ ಮಿಸ್ ಒಂದು ಗಳಿಗೆ ಗಿಡ್ಡ ಹುಡುಗಿಯನ್ನೇ ನೋಡಿದರು.

"ಈಗ ಹೇಳಿದ್ಲಲ್ಲ, ಕೇಳಿಸ್ಲಿಲ್ವಾ? ಅವಳಿಗೆ ಕತ್ತಲಲ್ಲಿ ಕಾಣುತ್ತೆ. ಉಳಿದೋರ ಶಕ್ತಿ ಕೈಕೊಟ್ಟಾಗ ದಾರಿ ತೋರ್ಸೋಳು ಇವಳೇ."

ಗಿಡ್ಡ ಹುಡುಗಿ ಟೀವಿಯನ್ನೂ ನೋಡಿದಳು, ಮಿಸ್ ಮುಖವನ್ನೂ ನೋಡಿದಳು.

ವಾರ್ಷಿಕೋತ್ಸವದ ಬೆಳಿಗ್ಗೆ ನಾನು ಶಾಲೆಯ ದೊಡ್ಡ ಹಾಲಿನಲ್ಲಿ ವೈರು ಎಳೆಯುತ್ತಿದ್ದೆ. ಐಟಮ್ ಸಿಕ್ಕಿದರೂ ಕುರ್ಚಿ ಹಾಕುವ ಕೆಲಸ ತಪ್ಪಿರಲಿಲ್ಲ. ಆ ಗಿಡ್ಡ ಹುಡುಗಿ ಕುರ್ಚಿ ಹೊತ್ತುಕೊಂಡು ಬರುತ್ತಿದ್ದಳು, ಎರಡೂ ಕಣ್ಣು ಮುಚ್ಚಿಕೊಂಡು.

"ಏಯ್, ನಿದ್ದೆಗಣ್ಣಲ್ಲಿ ನನ್ನ ಆಂಪ್ಲಿಫೈಯರ್ ಮೇಲೆ ಬಿದ್ದೀಯ!" ಎಂದು ಗದರಿದೆ.

"ಬೀಳಲ್ಲ ಮೈಕಣ್ಣ. ಅದು ಕಂಬದ ಎಡಗಡೆ ಇದೆ" ಎಂದು, ಕಣ್ಣು ತೆರೆಯದೆಯೇ ಸುತ್ತಿಕೊಂಡು ಹೋದಳು.

ಸಂಜೆಗೆ ಹಾಲು ತುಂಬಿತು. ಲೈನುಗಳಿಂದ ಅಮ್ಮಂದಿರು ಕಾಫಿ ಪಿಕಿಂಗ್ ಮುಗಿಸಿ ಹಾಗೇ ಬಂದಿದ್ದರು. ಕುರ್ಚಿ ಖಾಲಿಯಿದ್ದರೂ ಕೂರದೆ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ನಾಲ್ಕು ಹುಡುಗಿಯರು ಕೊಡೆ ಬಟ್ಟೆ ಹೊದ್ದು ಬಂದ ಕೂಡಲೇ ಹುಡುಗರ ಸಾಲಿನಿಂದ ಕೂಗು ಬಂತು.

"ಬಾವಲಿ ಬಂದ್ವು, ಬಾವಲಿ!"

ಹಾಲೆಲ್ಲ ನಗು. ಆದರೂ ಶುರುವಾಯಿತು. ಗಾಳಿಯ ಹುಡುಗಿ ಕೈ ಎತ್ತಿದಾಗ ನಾನು ಮರೆಯಲ್ಲಿ ದೊಡ್ಡ ಫ್ಯಾನು ಹಾಕಿದೆ. ಕೊಡೆ ಬಟ್ಟೆಗಳೆಲ್ಲ ಪಟಪಟ ಹಾರಿದವು. ಯಂತ್ರದ ಹುಡುಗಿ ಮಾತಾಡಿದಾಗ ಎಕೋ ಕೊಟ್ಟೆ. ಬೆಳಕಿನ ಹುಡುಗಿ ತಿರುಗಿದಾಗ ಬಣ್ಣದ ಫೋಕಸ್ ಬಿಟ್ಟೆ. ನಗು ನಿಂತಿತು. ಜನ ಮುಂದಕ್ಕೆ ಬಾಗಿದರು. ಆಯಿತು, ಗೆದ್ದೆವು ಎಂದುಕೊಂಡೆ…

ಕರೆಂಟು ಹೋಯಿತು.

ನಮ್ಮ ಕಡೆ ಅದೇನು ಹೊಸದಲ್ಲ. ಆದರೆ ಆ ಹೊತ್ತಿಗೆ ಹೋಗಬೇಕಿತ್ತೆ? ಫ್ಯಾನು ನಿಂತಿತು, ಎಕೋ ಸತ್ತಿತು, ಫೋಕಸ್ ಆರಿತು. ಮೂವರ ಶಕ್ತಿಯೂ ಒಂದೇ ಸಲಕ್ಕೆ ಹೋಯಿತು. ಕತ್ತಲಲ್ಲಿ ಸಿಳ್ಳೆ, ಕುರ್ಚಿ ಎಳೆಯುವ ಸದ್ದು. ಮುಂದಿನ ಸಾಲಿನಿಂದ ಹೆಡ್‌ಮಾಸ್ಟರ ದನಿ: "ಸಾಕು ಮೇಡಂ, ಮಕ್ಕಳನ್ನ ಇಳ್ಸಿ. ಕರೆಂಟ್ ಬಂದ್ಮೇಲೆ ಬೇರೆ ಐಟಮ್ ಮಾಡೋಣ."

ವಾರ್ಡನ್ ಮಿಸ್ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಉಸಿರು ಕೇಳುತ್ತಿತ್ತು. ಅವರು ಸುಮ್ಮನಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಗ ಸ್ಟೇಜಿನ ಮೇಲಿಂದ ಒಂದು ದನಿ ಬಂತು.

"ಯಾರೂ ಏಳ್ಬೇಡಿ! ನಂಗೆ ಕಾಣ್ತಿದೆ!"

ಗಿಡ್ಡ ಹುಡುಗಿ. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಏನೇ ಕಾಣ್ತಿದೆ ನಿಂಗೆ, ಬಾವಲಿ?" ಎಂದ ಒಬ್ಬ ಹುಡುಗ. ಬಾವಲಿ ಎಂದು ಮೊದಲು ಕೂಗಿದ ದನಿ ಅದೇ.

"ನೀನು ಕಿಟಕಿ ಪಕ್ಕ, ಕಾಲು ಅಲ್ಲಾಡೋ ಕುರ್ಚಿ ಮೇಲೆ ಕೂತಿದೀಯ. ಒರಗ್ಬೇಡ, ಬೀಳ್ತೀಯ."

ಅವನ ಕುರ್ಚಿ ಕಿರ್ರೆಂದಿತು. ಆಮೇಲೆ ಧಡ್ ಎಂದು ಸದ್ದಾಯಿತು.

ಹೆಂಚು ಹಾರಿಹೋಗುವ ಹಾಗೆ ಹಾಲೆಲ್ಲ ನಕ್ಕಿತು. ಆದರೆ ಈ ಸಲದ ನಗು ಅವಳ ಕಡೆಯದಾಗಿತ್ತು. ಯಾರೋ ಮೊಬೈಲಿನ ಟಾರ್ಚು ಹಾಕಿದರು. "ಟಾರ್ಚ್ ಆರಿಸಿ, ನಂಗೆ ಕಣ್ಣು ಕುಕ್ಕುತ್ತೆ" ಎಂದಳು. ಆರಿಸಿಯೇಬಿಟ್ಟರು!

"ಹೆಡ್‌ಮಾಸ್ಟ್ರೇ, ನಿಮ್ಮ ಬಲಗಾಲಿನ ಹತ್ರ ನೀರಿನ ಚೊಂಬಿದೆ, ಒದೀಬೇಡಿ. ಗೋಡೆ ಹತ್ರ ನಿಂತಿರೋ ಅಮ್ಮಂದಿರೇ, ನಿಮ್ಮ ಮುಂದಿನ ಸಾಲು ಪೂರ್ತಿ ಖಾಲಿ ಇದೆ. ಕೈ ಚಾಚಿ, ಕುರ್ಚಿ ಸಿಗುತ್ತೆ, ಕೂತ್ಕೊಳ್ಳಿ."

ಹಿಂದೆ ಬಟ್ಟೆ ಸರಿಯುವ ಸದ್ದಾಯಿತು. ಕುರ್ಚಿಗಳು ಕಿರುಗುಟ್ಟಿದವು. ಅಮ್ಮಂದಿರು ಕೂತರು… ಇದನ್ನು ಬರೆಯುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

"ಮೈಕಣ್ಣ, ನಿಮ್ಮ ಬ್ಯಾಟರಿ ಮೆಟ್ಟಿಲ ಕೆಳಗಿದೆ."

ನಿಜ. ಗಾಬರಿಯಲ್ಲಿ ನನಗೇ ಮರೆತುಹೋಗಿತ್ತು. ತಡಕಿದೆ, ಕೈಗೆ ಸಿಕ್ಕಿತು. ಆಂಪ್ಲಿಫೈಯರಿಗೆ ಕೊಟ್ಟೆ. ಹಾರ್ನು ಒಮ್ಮೆ ಗೊರಗೊರ ಎಂದು ಜೀವ ಹಿಡಿಯಿತು. ಆಮೇಲೆ ಅವಳ ಮಾತು ಹಾಲಿನ ಹೆಂಚಿಗೆಲ್ಲ ಬಡಿಯಿತು.

"ಊರಿನ ದೀಪ ಕದ್ದಿದಾರೆ. ನಿಮ್ಮ ಮೂರು ಜನದ ಶಕ್ತೀನೂ ಕದ್ದಿದಾರೆ. ನನ್ನದನ್ನ ಕದಿಯೋಕೆ ಮರೆತುಹೋದ್ರು. ಯಾಕಂದ್ರೆ ನಾನೂ ಇದೀನಿ ಅಂತ ಅವ್ರಿಗೆ ಗೊತ್ತೇ ಇರ್ಲಿಲ್ಲ. ಬನ್ನಿ, ನನ್ನ ಕೈ ಹಿಡ್ಕೊಳ್ಳಿ!"

ಈ ಮಾತು ನಾಟಕದಲ್ಲಿ ಇರಲಿಲ್ಲ. ಕತ್ತಲಲ್ಲಿ ಹೆಜ್ಜೆಗಳ ಸದ್ದು ಸ್ಟೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು. ಇಡೀ ಹಾಲು ಆ ಹೆಜ್ಜೆಗಳನ್ನೇ ಕೇಳುತ್ತಿತ್ತು. ಮಕ್ಕಳೂ ಕೆಮ್ಮಲಿಲ್ಲ.

ಕರೆಂಟು ಬಂದಾಗ ನಾಲ್ವರೂ ಕೈ ಕೈ ಹಿಡಿದು ಸ್ಟೇಜಿನ ಆ ಕೊನೆಯ ಅಂಚಿನಲ್ಲಿ ನಿಂತಿದ್ದರು, ರೆಕ್ಕೆ ಬಿಚ್ಚಿಕೊಂಡು. ಮುಂದೆ ನಿಂತಿದ್ದ ಗಿಡ್ಡ ಹುಡುಗಿಯ ಕಣ್ಣು ಇನ್ನೂ ಮುಚ್ಚಿಯೇ ಇತ್ತು.

ಮೊದಲು ಎದ್ದವರು ಹಿಂದಿನ ಅಮ್ಮಂದಿರು. ಆಮೇಲೆ ಹುಡುಗರು. ಬಾವಲಿ ಎಂದವನು ಆ ಕಾಲು ಅಲ್ಲಾಡುವ ಕುರ್ಚಿಯ ಮೇಲೇ ಹತ್ತಿ ಸಿಳ್ಳೆ ಹೊಡೆದ. ಹೆಡ್‌ಮಾಸ್ಟರು ಚೊಂಬನ್ನು ಜೋಪಾನವಾಗಿ ಪಕ್ಕಕ್ಕಿಟ್ಟು ಎದ್ದು ನಿಂತರು. ಚಪ್ಪಾಳೆಗೆ ನನ್ನ ಮೈಕು ಕುಯ್ಯೆಂದು ಕೂಗಿತು, ಅದನ್ನು ನಿಲ್ಲಿಸುವ ಮನಸ್ಸೂ ನನಗಾಗಲಿಲ್ಲ. ವಾರ್ಡನ್ ಮಿಸ್ ಕೊಡೆಯನ್ನು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದರು. ಹಾಲಿನೊಳಗೆ ಮಳೆಯೇ?

ಆ ರಾತ್ರಿ ವೈರು ಸುತ್ತುವಾಗ ಗಿಡ್ಡ ಹುಡುಗಿಯ ರೆಕ್ಕೆಯೂ ನನ್ನ ಪೆಟ್ಟಿಗೆ ಸೇರಿತು. ಮುಂದಿನ ವರ್ಷದಿಂದ ಆ ಶಾಲೆಯಲ್ಲಿ ಎಲ್ಲ ಮಕ್ಕಳೂ ಸೇರಿ ಕುರ್ಚಿ ಹಾಕಿದರು. ಹಾಸ್ಟೆಲಿನ ಐಟಮ್ ಕೊನೆಗೆ, ಎಲ್ಲರೂ ಕಾಯುವ ಐಟಮ್. ನಾನೂ ಎಸ್ಸೆಸ್ಸೆಲ್ಸಿ ಪಾಸಾದೆ. ಇಂಗ್ಲಿಷಿನಲ್ಲಿ ಅಂಚಿನಲ್ಲಿ ದಾಟಿದ್ದು, ಆದರೂ ಪಾಸು ಪಾಸೇ. ಮಿಸ್ಸಿಗೆ ಮೂರ್ನಾಡು ಕಡೆಗೆ ವರ್ಗವಾಯಿತು. ಹೋಗಿ ನೋಡಬೇಕು, ನೋಡಬೇಕು ಎಂದುಕೊಳ್ಳುತ್ತಲೇ… ಹೋದ ಮಳೆಗಾಲದಲ್ಲಿ ತೀರಿಕೊಂಡರಂತೆ. ಸುದ್ದಿ ನನ್ನವರೆಗೆ ಬರುವಾಗ ಎಲ್ಲ ಮುಗಿದಿತ್ತು.

ಇಷ್ಟನ್ನೂ ಮಗಳಿಗೆ ಹೇಳಿದೆ. ಅವಳು ಮೊಬೈಲಿನಲ್ಲಿ ಹುಡುಕಿ ಹುಡುಕಿ ಕೊನೆಗೆ ಆ ಕಾರ್ಟೂನನ್ನೇ ತೆಗೆದಳು. ಮಾತು ಜಪಾನಿನದೇ, ಕೆಳಗೆ ಇಂಗ್ಲಿಷ್ ಅಕ್ಷರ. ಬ್ಯಾಗು ಹಿಡಿದ ಹುಡುಗಿ ಏನೋ ಹೇಳಿದಳು. ನಾನು ನಿಲ್ಲಿಸಲು ಹೇಳಿ, ಬೆರಳಿಟ್ಟು ಓದಿದೆ. ಐ… ಹ್ಯಾವ್… ನೋ… ಪವರ್.

ಮತ್ತೆ ಓದಿದೆ. ಅದೇ ಇತ್ತು. ನನಗೆ ಯಾವ ಶಕ್ತಿಯೂ ಇಲ್ಲ.

ಕತ್ತಲಲ್ಲಿ ಕಾಣುವುದು ಎಂಬುದನ್ನು ಮಿಸ್ ತಾವೇ ಹುಟ್ಟಿಸಿ ಹೇಳಿದ್ದರು!

ಗಿಡ್ಡ ಹುಡುಗಿ ಈಗ ಹಾಸನದಲ್ಲಿ ನರ್ಸು. ಫೋನು ಮಾಡಿದೆ. ಹೇಳಿದೆ. ಅವಳು ಆ ಕಡೆ ನಕ್ಕಳು.

"ನಂಗೆ ಅವತ್ತೇ ಗೊತ್ತಿತ್ತು ಮೈಕಣ್ಣ. ನಮ್ಮ ಲೈನಲ್ಲಿ ಅಸ್ಸಾಮಿನೋರು ಇದ್ರಲ್ಲ, ಅವ್ರ ಮಕ್ಕಳ ಜೊತೆ ನಾನು ಹಿಂದಿಲೇ ಆಡ್ತಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮಿಸ್ ನಂಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳಿದ್ರು. ಅವ್ರ ಮಾತು ಬೀಳ್ಬಾರ್ದು ಅನ್ನಿಸ್ತು. ಅದಕ್ಕೇ ಕಣ್ಮುಚ್ಕೊಂಡು ಓಡಾಡೋದು ಕಲಿತೆ. ಕುರ್ಚಿ ಹಾಕಿದ್ದೂ, ನೀರಿಟ್ಟಿದ್ದೂ ಹಾಗೇ. ಯಾವುದು ಎಲ್ಲಿದೆ ಅಂತ ಬಾಯಿಪಾಠ ಆಗಿತ್ತು." ಮತ್ತೆ ನಕ್ಕಳು. "ಈಗಲೂ ವಾರ್ಡಲ್ಲಿ ಕರೆಂಟ್ ಹೋದ್ರೆ ಎಲ್ರೂ ನನ್ನೇ ಕೂಗೋದು, ಮೈಕಣ್ಣ."

ಫೋನು ಇಟ್ಟೆ. ಕೊಡೆ ಬಟ್ಟೆಯನ್ನು ಮಗಳು ಹೊದ್ದುಕೊಂಡು ಅಂಗಡಿ ತುಂಬ ಕಣ್ಣು ಮುಚ್ಚಿ ನಡೆಯುತ್ತಿದ್ದಳು. ನಾನೂ ಮುಚ್ಚಿ ನಾಲ್ಕು ಹೆಜ್ಜೆ ಹಾಕಿದೆ, ಸ್ಪೀಕರಿಗೆ ಮಂಡಿ ಬಡಿಯಿತು. ನನಗೆ ಆ ಶಕ್ತಿ ಇಲ್ಲ. ಮಿಸ್ ಇದ್ದಿದ್ದರೆ ಒಂದು ಗಳಿಗೆ ನನ್ನನ್ನೇ ನೋಡಿ, ನನಗೂ ಒಂದನ್ನು ಹುಡುಕಿ ಕೊಡುತ್ತಿದ್ದರು ಎನ್ನಿಸಿತು.

ಆಮೇಲೆ ಮೊಬೈಲು ನೋಡಿದೆ. ಕಾರ್ಟೂನು ಅಲ್ಲೇ ನಿಂತಿತ್ತು, ಕೆಳಗೆ ಆ ಇಂಗ್ಲಿಷ್ ಸಾಲು. ಅದನ್ನು ಓದಿದ್ದು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನೇ ಅಲ್ಲವೆ…