ಉಗುರಿಗೆ ಸಿಕ್ಕುವ ಗೀರು

ಈ ಸಂಗತಿಯನ್ನು ಬರೆಯಲು ಕುಳಿತದ್ದು ಇದು ನಾಲ್ಕನೆಯ ಸಲ. ಮೊದಲ ಸಲ ಪೆನ್ನಿನ ಮಸಿ ಒಣಗಿತ್ತು, ಎರಡನೆಯ ಸಲ ಕನ್ನಡಕ ಸಿಗಲಿಲ್ಲ, ಮೂರನೆಯ ಸಲ ಪೆನ್ನೂ ಕನ್ನಡಕವೂ ಒಟ್ಟಿಗೇ ಸಿಕ್ಕಿಬಿಟ್ಟಿದ್ದರಿಂದ ಹೆದರಿ ಎದ್ದುಹೋದೆ. ಆದ್ದರಿಂದ ಈ ಸಲ ಮುಖ್ಯ ವಿಷಯವನ್ನು ಸ್ವಲ್ಪ ಬದಿಗಿಟ್ಟು, ನನ್ನ ಕಾರಿನ ಬಣ್ಣದಿಂದ ಆರಂಭಿಸುತ್ತೇನೆ. ಕರಿ ಬಣ್ಣದ ಕಾರು ತೊಳೆದ ಮೇಲೆ ಹತ್ತು ನಿಮಿಷ ಕನ್ನಡಿಯಂತಿರುತ್ತದೆ. ಮೂಗು, ಮೀಸೆ, ಬೋಳುತಲೆ ಎಲ್ಲವನ್ನೂ ತೋರಿಸುತ್ತದೆ. ಹನ್ನೊಂದನೆಯ ನಿಮಿಷದಿಂದ ಅದು ಊರಿನ ಧೂಳನ್ನು ಮಾತ್ರ ತೋರಿಸುತ್ತದೆ. ಎರೆಮಣ್ಣಿನ ನಮ್ಮ ಇಂಡಿಯಲ್ಲಿ ಇದನ್ನು ತಿಳಿಯದವರಿಲ್ಲ. ತಿಳಿದೂ ಸಿಂದಗಿಗೆ ಹೋಗಿ, ಯಾರೋ ಬೇಸತ್ತು ಮಾರುತ್ತಿದ್ದ ಹಳೆಯ ಕರಿ ಕಾರನ್ನು ಹಾರ ಹಾಕಿ ತಂದವನು ನಾನೊಬ್ಬನೇ.

ಹತ್ತನೆಯ ಇಯತ್ತೆ ಪಾಸಾದ ಬಲದ ಮೇಲೆ ನಾನು ಬಸ್ ಕಂಡಕ್ಟರನಾಗಿ ಬದುಕು ಸವೆಸಿದವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳ ಬಸ್‌ಸ್ಟ್ಯಾಂಡಿನ ಚಹಾ ಯಾವುದು ಕುಡಿಯಲಿಕ್ಕೆ, ಯಾವುದು ಬರೀ ಕೈ ಬೆಚ್ಚಗೆ ಮಾಡಿಕೊಳ್ಳಲಿಕ್ಕೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಆ ವೃತ್ತಿ ನನಗೆ ಇನ್ನೊಂದು ಕಣ್ಣನ್ನೂ ದಯಪಾಲಿಸಿತು. ಕಿಟಕಿಗೆ ತಲೆಯೊರಗಿಸಿ ಮಲಗಿದವನು ನಿಜವಾಗಿ ನಿದ್ದೆಹೋಗಿದ್ದಾನೋ, ಟಿಕೇಟು ತಪ್ಪಿಸಲು ನಿದ್ರಾಯೋಗ ಹೂಡಿದ್ದಾನೋ ಎಂದು ಪರೀಕ್ಷಿಸುವ ಕಣ್ಣು ಅದು. ನಾನು ನಿವೃತ್ತನಾದೆ, ಅದು ಆಗಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕುಳಿತಾಗಲೂ, ಕರೆಯದೆ ಬಂದವರು ಇವರಲ್ಲಿ ಯಾರಿರಬಹುದು ಎಂದು ಎಲೆಯಿಂದ ಎಲೆಗೆ ನೋಡುತ್ತ ಹೋಗುತ್ತೇನೆ.

ಕಾರು ಬಂದಂದಿನಿಂದ ಪ್ರತಿದಿನ ಮುಂಜಾನೆ ಅದನ್ನು ಒರೆಸುವುದು ನನ್ನ ನಿತ್ಯಕರ್ಮವಾಯಿತು. ನೀರಿನ ಅಭಾವದ ಊರು, ಹೀಗಾಗಿ ಒಣ ಬಟ್ಟೆಯ ಸೇವೆ. ಬಲಗೈಯಲ್ಲಿ ಅರಿವೆ ಹಿಡಿದು, ಬೆರಳಿನಲ್ಲಿ ಶನಿಕಾಟ ನಿವಾರಣೆಗೆಂದು ಧರಿಸಿದ ನೀಲಿ ಹರಳಿನ ಉಂಗುರವನ್ನು ಬಿಸಿಲಿಗೆ ಮಿನುಗಿಸುತ್ತ, ಗರಗರ ಒರೆಸುತ್ತಿದ್ದೆ. ಓಣಿಯ ಜನ, “ಕಂಡಕ್ಟರ್ ಸಾಹೇಬ್ರದು ಒಣ ಅಭಿಷೇಕ ನಡದೈತಿ” ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಈಗ ಆ ಮನುಷ್ಯನ ವಿಷಯ. ನಮ್ಮ ಓಣಿಯ ತುದಿಗೆ ಒಬ್ಬ ಟೇಲರ್ ಇದ್ದಾನೆ, ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಹೆಸರನ್ನು ಈಗಲೇ ಬರೆಯಲು ಕೈ ಏಳುತ್ತಿಲ್ಲ, ಕೊನೆಗೆ ಬರೆಯುತ್ತೇನೆ. ನನ್ನ ಸಮವಸ್ತ್ರಗಳನ್ನೆಲ್ಲ ಹೊಲಿದವನು ಅವನೇ. ದಸರೆಯ ದಿನ ನಮ್ಮ ಕಡೆ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎನ್ನುವ ಪದ್ಧತಿಯನ್ನು ನೀವು ಬಲ್ಲಿರಿ. ನಮ್ಮ ಮನೆಗೆ ಪ್ರತಿವರ್ಷ ಬರುತ್ತಿದ್ದ ಮೊದಲ ಬನ್ನಿ ಆ ಟೇಲರನದು. ಅವನ ಅಪ್ಪ ನಮ್ಮ ಅಪ್ಪನಿಗೆ ಕೊಡುತ್ತಿದ್ದನಂತೆ. ಈದ್‌ನ ದಿನ ಅವರ ಮನೆಯ ಸುರಕುಂಬಾ, ಅಂದರೆ ಹಾಲು-ಶಾವಿಗೆಯ ಪಾಯಸ, ಹೇಗೆ ತಪ್ಪುತ್ತಿರಲಿಲ್ಲವೋ ಹಾಗೆಯೇ ಇದೂ ತಪ್ಪುತ್ತಿರಲಿಲ್ಲ.

ಆರು ವರ್ಷದ ಹಿಂದಿನ ದಸರೆಯಲ್ಲಿ ಅವನು ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಬನ್ನಿಯನ್ನು ನೆಲಕ್ಕಿಡಬಾರದೆಂದು, ಪೂಜೆಗೆಂದು ತೊಳೆದು ನಿಲ್ಲಿಸಿದ್ದ ಕಾರಿನ ಬಾನೆಟ್ಟಿನ ಮೇಲೆ ಒಂದು ಪುಟ್ಟ ಟೊಂಗೆಯಿಟ್ಟು, ನನ್ನ ಹೆಂಡತಿಗೆ ಹೇಳಿ ಹೋದ. ಮರುದಿನ ಮುಂಜಾನೆಯ ಓರೆ ಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಜೇಡರಬಲೆಯಂಥ ಗೀರುಗಳೂ, ನಡುವೆ ಒಂದು ಗೇಣುದ್ದದ ಆಳವಾದ ಗೀರೂ ಕಂಡವು. ಬನ್ನಿ ಗಿಡಕ್ಕೆ ಮುಳ್ಳುಂಟು. ನನ್ನ ಕಂಡಕ್ಟರ್ ಕಣ್ಣಿಗೆ ಅಷ್ಟು ಸಾಕ್ಷ್ಯ ಸಾಕಾಯಿತು. ಸೀದಾ ಚಹಾದಂಗಡಿಗೆ ಹೋಗಿ, ಜನರ ನಡುವೆ ಬಶಿಯಲ್ಲಿ ಚಹಾ ಹೊಯ್ದುಕೊಂಡು ಕುಳಿತಿದ್ದವನನ್ನು ಹೆಸರು ಹಿಡಿದು ಕೂಗಿದೆ.

“ಬಂಗಾರ ಕೊಡಾಕ ಬಂದಿದ್ಯೋ, ಗಾಡಿ ಗೀಚಾಕ ಬಂದಿದ್ಯೋ? ನನ್ನ ಗಾಡಿ ನೋಡಿ ಹೊಟ್ಟಿ ಉರೀತೇನು?”

ಅವನು ಬಶಿಯನ್ನು ಕೆಳಗಿಟ್ಟು, “ಅಣ್ಣಾರ, ನಾ ಗೀಚಿಲ್ರಿ” ಎಂದ. ನಾನು ಇನ್ನೂ ಎರಡು ಮಾತು ಹೆಚ್ಚಿಗೆ ಆಡಿದೆ, ಅವನ್ನು ಬರೆಯಲಾರೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ. ಮುಂದಿನ ದಸರೆಗೆ ಬನ್ನಿ ಬರಲಿಲ್ಲ. ಈದ್‌ಗೆ ಸುರಕುಂಬಾವೂ ಬರಲಿಲ್ಲ. ನಾನು ಹಟದಿಂದ ಬಟ್ಟೆ ಹೊಲಿಸಲು ಸಿಂದಗಿಗೆ ಹೋಗತೊಡಗಿದೆ. ಅಲ್ಲಿ ನನಗೆ ಸಿಕ್ಕ ದರ್ಜಿಯ ಟೇಪಿಗೆ ನನ್ನ ಕಾಲುಗಳ ಮೇಲೆ ಏನು ಸಿಟ್ಟೋ, ಆರು ವರ್ಷದಿಂದ ನನ್ನ ಪ್ಯಾಂಟುಗಳ ಬಲಗಾಲು ಎಡಗಾಲಿಗಿಂತ ಎರಡು ಬೆರಳು ಉದ್ದ.

ಈ ವರ್ಷ ಮುದ್ದೇಬಿಹಾಳದಲ್ಲಿ ಹೆಂಡತಿಯ ತಮ್ಮನ ಮಗಳ ಮದುವೆ ಗೊತ್ತಾಯಿತು. ಮದುಮಗಳನ್ನು ನಮ್ಮ ಕಾರಿನಲ್ಲೇ ಕರೆತರಬೇಕೆಂದು ನಾನು ಹಿಗ್ಗಿದರೆ, ಹೆಂಡತಿ ಅಂಗಳಕ್ಕೆ ಬಂದು ಕಾರನ್ನೊಮ್ಮೆ ನೋಡಿ, “ಕೂಸಿನ್ನ ಇದರಾಗ ಕೂಡಸ್ತೀರೇನ್ರಿ? ಕೆಸರಾಗಿಂದ ಎದ್ದ ಎಮ್ಮಿ ಕಂಡಂಗ ಕಾಣತೈತಿ. ಮೊದಲ ಅದರ ಮಾರಿ ತೊಳಸಿಕೊಂಡು ಬರ್ರಿ” ಎಂದಳು. ಅಂತೂ ಬಸವನ ಬಾಗೇವಾಡಿಯಲ್ಲಿ ರಬ್ಬಿಂಗ್ ಪಾಲಿಶ್ ಮಾಡುವ ಮಲ್ಲೇಶಿ ಎಂಬಾತನ ಅಂಗಡಿಗೆ ಹೋದೆ.

ಮಲ್ಲೇಶಿ ಕಾರನ್ನು ತೊಳೆದು, ಒರೆಸಿ, ಷಟರ್ ಅರ್ಧ ಎಳೆದು, ಒಂದು ಪ್ರಖರವಾದ ದೀಪವನ್ನು ಬಾನೆಟ್ಟಿನ ಹತ್ತಿರ ಹಿಡಿದ. ಡಾಕ್ಟರು ಎಕ್ಸ್‌ರೇ ನೋಡುವಂತೆ ಬಗ್ಗಿ ನೋಡಿದ.

“ಅಜ್ಜಾರ, ದಿನಾ ಒಣ ಅರಿವಿಲೆ ಒರಸ್ತೀರೇನ್ರಿ?”

“ಹೌದಪಾ, ಒಂದಿನಾನೂ ತಪ್ಪಿಸಿಲ್ಲ” ಎಂದೆ ಹೆಮ್ಮೆಯಿಂದ.

“ಅದಕ್ಕ ಹಿಂಗಾಗೇತ್ರಿ. ಧೂಳಾಗ ಉಸುಕು ಇರತೈತಿ. ನೀವು ಒರಸಿಲ್ರಿ, ದಿನಾ ಮುಂಜಾನೆ ಎದ್ದು ತಿಕ್ಕೀರಿ. ಎಲ್ಲಿ, ಹೆಂಗ ಒರಸ್ತೀರಿ, ಕೈ ಆಡಿಸಿ ತೋರಸ್ರಿ ನೋಡೂಣು.”

ಆಡಿಸಿದೆ. ದೀಪದ ಬೆಳಕಿನಲ್ಲಿ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಗೀರುಗಳೆಲ್ಲ ಅರ್ಧಚಂದ್ರಾಕಾರವಾಗಿದ್ದವು; ನನ್ನ ಕೈ ಹಳಿಯ ಮೇಲಿನ ರೈಲಿನಂತೆ ಅವುಗಳ ಮೇಲೆಯೇ ಸುತ್ತಿ ಬಂತು. ಆ ಆಳವಾದ ಗೀರಿನ ಮೇಲೆ ಬಂದಾಗ ಮಲ್ಲೇಶಿ ನನ್ನ ಬೆರಳು ಹಿಡಿದು ನಿಲ್ಲಿಸಿದ.

“ಈ ಉಂಗುರ ಯಾತಕ್ರಿ?”

“ಶನಿಕಾಟಕ್ಕ.”

“ಗಾಡಿಗೆ ಶನಿ ಇದ ನೋಡ್ರಿ” ಎಂದು ನಕ್ಕ. ನಾನೂ ನಕ್ಕೆ. ನಗದಿದ್ದರೆ ಕುಳಿತುಬಿಡಬೇಕಾಗುತ್ತಿತ್ತು.

ಅವನು ಪೇಸ್ಟಿನಂಥ ಕಂಪೌಂಡ್ ಹಚ್ಚಿ, ತಿರುಗುವ ಮೆತ್ತೆಯ ಮಷಿನ್ನಿನಿಂದ ಬಾನೆಟ್ಟನ್ನು ಉಜ್ಜತೊಡಗಿದ. ಬಣ್ಣದ ಮೇಲ್ಪದರದಿಂದ ಕೂದಲೆಳೆಗಿಂತ ತೆಳ್ಳಗೆ ಹೆರೆದರೆ ಗೀರುಗಳು ಹೋಗುತ್ತವೆಯಂತೆ. ಹೆಚ್ಚು ಹೆರೆದರೆ ಬಣ್ಣವೇ ಹೋಗುತ್ತದಂತೆ. ಹಾಗಾದರೆ ಯಾವ ಗೀರು ಹೋಗುತ್ತದೆ, ಯಾವುದು ಉಳಿಯುತ್ತದೆಂದು ತಿಳಿಯುವುದು ಹೇಗೆ ಎಂದು ಕೇಳಿದೆ. “ಅಡ್ಡ ಉಗುರು ಎಳೀರಿ. ಉಗುರು ಜಾರಿದ್ರ ಗೀರು ಹೋಗತೈತಿ. ಉಗುರಿಗೆ ಸಿಕ್ತಂದ್ರ ಅದು ಉಳೀತೈತಿ” ಎಂದ. ಆಳವಾದ ಗೀರಿನ ಮೇಲೆ ಉಗುರೆಳೆದೆ. ಸಿಕ್ಕಿತು.

ಓದುಗರೇ, ಇಲ್ಲಿಗೆ ನಿಲ್ಲಿಸಿದರೆ ನಾನೊಬ್ಬ ಅಜ್ಞಾನಿ ಮುದುಕ, ತಿಳಿಯದೆ ತಪ್ಪಿದವನು ಎಂದು ನೀವು ಕ್ಷಮಿಸಿಬಿಡುತ್ತೀರಿ. ಆ ಕ್ಷಮೆಗೆ ನಾನು ಅರ್ಹನಲ್ಲ. ಯಾಕೆಂದರೆ ಆ ದಸರೆಯ ದಿನ ಬಾನೆಟ್ಟಿನ ಮೇಲೆ ಬನ್ನಿಯೊಂದೇ ಇರಲಿಲ್ಲ. ಅದರ ಕೆಳಗೆ ನಾಲ್ಕು ಮಡಿಕೆ ಮಾಡಿದ ನೀಲಿ ಸ್ಯಾಟಿನ್ ಬಟ್ಟೆಯ ತುಂಡೊಂದಿತ್ತು. ಮುಳ್ಳು ತಾಗಿ ನನ್ನ ಕಾರಿಗೆ ನೋವಾಗಬಾರದೆಂದು ಆ ಟೇಲರ್ ಹಾಸಿದ್ದ. ನಾನೇ ಬನ್ನಿಯನ್ನು ದೇವರ ಮುಂದಿಟ್ಟು, ಬಟ್ಟೆ ಬಹಳ ನುಣುಪಾಗಿದೆಯೆಂದು ಎತ್ತಿಟ್ಟುಕೊಂಡಿದ್ದೆ. ಚಹಾದಂಗಡಿಯಲ್ಲಿ ಕೂಗಾಡಿ ಮನೆಗೆ ಬಂದಾಗ ಅದು ಗೂಟಕ್ಕೆ ತೂಗುತ್ತಿತ್ತು. ನೋಡಿದೆ, ತಿಳಿಯಿತು. ತಿರುಗಿ ಹೋಗಲು ನಲವತ್ತು ಹೆಜ್ಜೆ ಸಾಕಾಗಿತ್ತು. ಆದರೆ ತಪ್ಪು ಟಿಕೇಟು ಹರಿದುಕೊಟ್ಟರೂ ಪ್ರಯಾಣಿಕನೇ ತಪ್ಪು ಊರು ಹೇಳಿದನೆಂದು ಸಾಧಿಸಿ ಬದುಕಿದ ಬಾಯಿ ಇದು. ಹೋಗಲಿಲ್ಲ. ಮರುದಿನದಿಂದ ಅದೇ ನೀಲಿ ಬಟ್ಟೆಯಿಂದ ಕಾರನ್ನು ಒರೆಸತೊಡಗಿದೆ.

ಸಂಜೆಯ ಮುಂದೆ ಮಲ್ಲೇಶಿ ಮೇಣ ಹಚ್ಚಿ ಮುಗಿಸಿದಾಗ ಕಾರು ಬಾವಿಯ ನೀರಿನಂತೆ ಹೊಳೆಯುತ್ತಿತ್ತು. ಆ ಒಂದು ಗೀರು ಮಾತ್ರ ತೆಳ್ಳಗೆ ಉಳಿದಿತ್ತು. “ಬಣ್ಣ ತುಂಬಿ ಮುಚ್ಚಲೇನ್ರಿ?” ಎಂದ. “ಬ್ಯಾಡಪಾ, ಅದು ಇರಲಿ” ಎಂದು ಉಂಗುರ ತೆಗೆದು ಜೇಬಿಗೆ ಹಾಕಿಕೊಂಡೆ.

ಮರುದಿನ ಮುಂಜಾನೆ ಕಾರನ್ನು ಟೇಲರನ ಅಂಗಡಿಯ ಮುಂದೆ ನಿಲ್ಲಿಸಿದೆ. ದಾರಿಯುದ್ದಕ್ಕೂ “ತಪ್ಪಾತಪಾ” ಎಂಬ ಒಂದೇ ಮಾತನ್ನು ಬಾಯಿಪಾಠ ಮಾಡಿದ್ದೆ. ಬಾಗಿಲು ತೆರೆದು ಬಲಗಾಲು ಕೆಳಗಿಟ್ಟೆ, ಆ ಉದ್ದ ಕಾಲು. ಅಂಗಡಿಯೊಳಕ್ಕೆ ಹೋದೆ. ಅವನು ಮಷಿನ್ ನಿಲ್ಲಿಸಿ ನೋಡಿದ. ಮುಖವನ್ನಲ್ಲ, ಪ್ಯಾಂಟನ್ನು.

“ಯಾರ್ರಿ ಇದನ್ನ ಹೊಲದವ್ರು?”

“ಸಿಂದಗ್ಯಾಗ.”

“ಅಯ್ಯ ಅಲ್ಲಾ! ಆರು ವರ್ಷ ಇದರಾಗ ಅಡ್ಡಾಡಿದ್ರಿ?” ಎಂದು ಹಣೆ ಹಣೆ ಬಡಿದುಕೊಂಡ. “ಕಳಸ್ರಿ, ಎಲ್ಲಾ ಕಳಸ್ರಿ. ಸರಿ ಮಾಡಿ ಕೊಡ್ತೇನಿ.”

ಆರು ವರ್ಷಗಳೆಂದು ಅವನೂ ಎಣಿಸಿದ್ದ. “ಆತು, ಕಳಸ್ತೇನಿ” ಎಂದಷ್ಟೇ ಹೇಳಿ, ನಾಚಿಕೆಯಿಂದ ತಿರುಗಿ ಕಾರಿನತ್ತ ಬಂದೆ. ಅಂಗಡಿಯ ಒಳಗೆ ಇಬ್ಬರೇ ಇದ್ದೆವು. ಅಲ್ಲಿ ಪಿಸುಗುಟ್ಟಿದ್ದರೂ ಸಾಲುತ್ತಿರಲಿಲ್ಲವೇನೋ. ಜನರ ನಡುವೆ ಹೆಸರು ಹಿಡಿದು ಆಡಿದ ಮಾತನ್ನು ಜನರ ನಡುವೆಯೇ, ಹೆಸರು ಹಿಡಿದೇ ಹಿಂದಕ್ಕೆ ಪಡೆಯಬೇಕು. ಅದಕ್ಕೇ ಈ ಬರಹ. ದಸರೆಗೆ ಇನ್ನು ಕೆಲವೇ ದಿನಗಳಿವೆ. ನೀಲಿ ಬಟ್ಟೆಯನ್ನು ಒಗೆದು ಮಡಿಸಿಟ್ಟಿದ್ದೇನೆ. ಈ ಸಲ ಮೊದಲ ಬನ್ನಿ ನಮ್ಮ ಮನೆಯಿಂದ ಹೋಗುತ್ತದೆ.

ಅಂದು ಕಾರಿನ ಹತ್ತಿರ ಬಂದಾಗ ಬಾನೆಟ್ಟು ಮತ್ತೆ ಕನ್ನಡಿಯಾಗಿತ್ತು. ಆದರೆ ಅದರಲ್ಲಿ ಕಂಡದ್ದು ನನ್ನ ಮೂಗು ಮೀಸೆಯಲ್ಲ. ಅಂಗಡಿಯ ಬೋರ್ಡು, ತಲೆಕೆಳಗಾಗಿ, ಉಳಿದ ಗೀರಿಗೆ ತಾಗಿಕೊಂಡೇ. ಓದಲು ಕಷ್ಟವಾಗಲಿಲ್ಲ: ಹುಸೇನಸಾಬ.