ಕತ್ತರಿ ಟೀಚರ್ ಮತ್ತು ಅಜ್ಜಿಯ ಬಾಯಿಬೀಗ

ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ಕತ್ತರಿ ಟೀಚರ್ ಎಂದು. ಇಪ್ಪತ್ತು ವರ್ಷ ಬಟ್ಟೆ ಹೊಲಿದು, ಆಮೇಲೆ ಡಿಸ್ಲೆಕ್ಸಿಯಾ, ಅಂದರೆ ಜಾಣರಿದ್ದರೂ ಅಕ್ಷರ ಕೂಡಿಸಿ ಓದಲಾಗದ ತೊಡಕು, ಇರುವ ಮಕ್ಕಳಿಗೆ ಓದು ಕಲಿಸುವ ತರಬೇತಿ ಪಡೆದು ಬಂದವರು. ಶಾಲೆಯ ಮೆಟ್ಟಿಲ ಕೆಳಗಿನ ಕೋಣೆ ಅವರದು. ಒಂದು ಮೇಜು, ಎರಡು ಕುರ್ಚಿ, ಬಡಗಿಗಳು ಮರ ಉಜ್ಜುವ ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಡಬ್ಬಿ.

ಆ ವರ್ಷ ಬಂದವಳು ಬಸ್ ಡ್ರೈವರನ ಮಗಳು. ಅಪ್ಪನ ಜೊತೆ ಒಂದು ಭಾಷೆ, ಅಜ್ಜಿಯ ಜೊತೆ ಇನ್ನೊಂದು, ಶಾಲೆಯಲ್ಲಿ ಮೂರನೆಯದು. ಮೂರರಲ್ಲೂ ಅರಳು ಹುರಿದಂತೆ ಮಾತು. ಮೊದಲ ದಿನ ಪಾಠವನ್ನೂ ಹಾಗೇ ಓದಿದಳು. ಟೀಚರ್ ಕೈತಪ್ಪಿ ಎರಡು ಹಾಳೆ ಒಟ್ಟಿಗೆ ಮಗುಚಿದರು. ಹುಡುಗಿ ಮಾತ್ರ ಹಾರಿಹೋದ ಪುಟವನ್ನೇ ಸರಾಗವಾಗಿ "ಓದುತ್ತಾ" ಹೋದಳು!

"ಯಾರೇ ಓದಿ ಹೇಳಿದ್ದು?"

"ಅಕ್ಕ. ಎರಡು ಸಲ ಕೇಳಿದ್ರೆ ಸಾಕು, ಬಾಯಿಗೆ ಬಂದ್ಬಿಡುತ್ತೆ."

"ಅಬ್ಬಾ ಕಳ್ಳಿ! ಇದು ದಡ್ಡರ ತಲೆ ಅಲ್ಲ ಬಿಡು."

ಹುಡುಗಿ ನಗಲಿಲ್ಲ. "ಭಾಷೆ ಜಾಸ್ತಿಯಾಗಿ ನಂಗೆ ಓದು ಬರ್ತಿಲ್ಲ ಅಂತ ಹೆಡ್‌ಮಾಸ್ಟರು ಮನೇಲಿ ಶಾಲೆ ಭಾಷೆ ಒಂದೇ ಆಡಿ ಅಂದಿದ್ದಾರೆ. ಅಜ್ಜಿಗೆ ಅದು ಬರಲ್ಲ. ಊಟಕ್ಕೆ ಬಾ ಅನ್ನೋದಕ್ಕೂ ಈಗ ಕೈಸನ್ನೆ."

ಅಪ್ಪ ಮನೆಯಲ್ಲಿ ತನ್ನ ಭಾಷೆಯ ಅಕ್ಷರವನ್ನೂ ಕಲಿಸಿದ್ದ. ಟೀಚರ್ ಆ ಭಾಷೆಯ ಪುಸ್ತಕವನ್ನೂ ತರಿಸಿ ಓದಿಸಿ ನೋಡಿದರು. ಶಾಲೆಯ ಹೊಸ ಪಾಠದಲ್ಲಿ ಎಡವಿದಂತೆಯೇ ಅಲ್ಲೂ ಅಕ್ಷರ ಅಕ್ಷರಕ್ಕೂ ಎಡವಿದಳು. ನೇರ ಹೆಡ್‌ಮಾಸ್ಟರ ಬಳಿ ಹೋದರು.

"ಸರ್, ಎರಡು ಲಿಪೀಲೂ ಒಂದೇ ತೊಡಕು. ಇದು ಓದಿನದು, ಮಾತಿನದಲ್ಲ. ಅಜ್ಜಿ ಬಾಯಿ ಕಟ್ಟಿದ್ರೆ ಮೊಮ್ಮಗಳಿಗೆ ಅಕ್ಷರ ಬರುತ್ತಾ?"

"ಆಯ್ತು ಟೀಚರ್. ವರ್ಷದ ಕೊನೆಗೆ ಹಿಂದೆ ನೋಡಿರದ ಪಾಠ ಓದಿ ತೋರಿಸಲಿ. ಅಲ್ಲಿವರೆಗೆ ಮನೇಲಿ ನಾನು ಹೇಳಿದ್ದೇ. ಓದಿದ್ರೆ ನಾನೇ ಹೋಗಿ ಅಜ್ಜಿ ಹತ್ರ ತಪ್ಪಾಯ್ತು ಅಂತೀನಿ."

ಟೀಚರ್ ರಟ್ಟಿನಲ್ಲಿ ಪುಟ್ಟ ಕಿಟಕಿ ಕತ್ತರಿಸಿದರು. ಅದನ್ನು ಸಾಲಿನ ಮೇಲಿಟ್ಟರೆ ಒಂದು ಸಲಕ್ಕೆ ಒಂದೇ ಪದ ಕಾಣುತ್ತಿತ್ತು. ಹುಡುಗಿ ಉಪ್ಪುಕಾಗದದ ಅಕ್ಷರದ ಮೇಲೆ ಬೆರಳಾಡಿಸುತ್ತಾ ಸದ್ದು ಹೇಳಬೇಕು, ಅದೇ ಸದ್ದಿನಿಂದ ಶುರುವಾಗುವ ಅಜ್ಜಿಯ ಭಾಷೆಯ ಪದವೊಂದನ್ನೂ ಹೇಳಬೇಕು. ಆ ಕೋಣೆಯಲ್ಲಿ ಯಾವ ಭಾಷೆಗೂ ಬೀಗವಿರಲಿಲ್ಲ. ಎಷ್ಟೋ ದಿನ ಅವಳು ಅತ್ತಳು. ತಪ್ಪು ಹೊಲಿಗೆ ಬಿಚ್ಚಿ ಮತ್ತೆ ಹಾಕಿ ಅಭ್ಯಾಸವಿದ್ದ ಟೀಚರ್, "ಇನ್ನೊಂದ್ಸಲ" ಎನ್ನುತ್ತಿದ್ದರು, ಅಷ್ಟೇ.

ವರ್ಷದ ಕೊನೆಗೆ ಹೆಡ್‌ಮಾಸ್ಟರು ಹೊಚ್ಚಹೊಸ ಪುಸ್ತಕ ತಂದರು. ಹಳೆಯ ಕಳ್ಳಾಟ ಅವರ ಕಿವಿಗೂ ಬಿದ್ದಿತ್ತು. ಹುಡುಗಿ ಕಿಟಕಿ ಸರಿಸುತ್ತಾ, ತಡವರಿಸುತ್ತಾ, ತಿದ್ದಿಕೊಳ್ಳುತ್ತಾ ಮೊದಲ ಪುಟ ಮುಗಿಸಿದಳು. ಹೆಡ್‌ಮಾಸ್ಟರು ಬೇಕೆಂದೇ ಎರಡು ಹಾಳೆ ಒಟ್ಟಿಗೆ ಮಗುಚಿದರು.

ಹುಡುಗಿ ಒಂದು ಸಾಲು ಓದಿ ನಿಂತಳು. ಮತ್ತೆ ಓದಿದಳು. ಹುಬ್ಬು ಗಂಟಾಯಿತು.

"ಸರ್, ಕಥೇಲಿ ಮುದುಕ ಇನ್ನೂ ದೋಣೀನೇ ಹತ್ತಿಲ್ಲ, ಆಗಲೇ ಆಚೆ ದಡದಲ್ಲಿದ್ದಾನೆ. ಒಂದು ಹಾಳೆ ಹಾರಿಸ್ಬಿಟ್ರಿ."

ಟೀಚರ್‌ಗೆ ಕುರ್ಚಿಯಿಂದ ಎದ್ದು ಕುಣಿಯಬೇಕೆನಿಸಿತು. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿ, "ನಡೀರಿ, ಅಜ್ಜಿ ಮನೆಗೆ" ಎಂದರು.

ಅವರು ತಪ್ಪೊಪ್ಪಿಕೊಂಡದ್ದನ್ನು ಹುಡುಗಿ ಅಜ್ಜಿಗೆ ಅವರ ಭಾಷೆಯಲ್ಲೇ ತಿಳಿಸಿದಳು. ಅಜ್ಜಿ ಸೆರಗು ಸರಿಮಾಡಿಕೊಂಡು ಶುರುಮಾಡಿದವರು ಕಾಲು ಗಂಟೆ ನಿಲ್ಲಿಸಲಿಲ್ಲ.

"ಏನಂದ್ರು?" ಹೆಡ್‌ಮಾಸ್ಟರು ಮೆಲ್ಲಗೆ ಕೇಳಿದರು.

"ಬೈಗುಳ ಸರ್," ಎಂದು ಹುಡುಗಿ ನಕ್ಕಳು. "ವರ್ಷದಿಂದ ಕೂಡಿಟ್ಟಿದ್ದು. ಒಂದು ಹಾಳೇನೂ ಹಾರಿಸಿಲ್ಲ."