ಕಾರ್ಕಳಕ್ಕೆ ಹೋಗಬೇಕಿದ್ದ ಕೈಗವಸುಗಳು

ಆರೂ ಜೋಡಿ ಕೈಗವಸುಗಳ ಬೆಲೆಚೀಟಿಗಳು ಮಣಿಕಟ್ಟಿನ ಬಳಿ ಪ್ಲಾಸ್ಟಿಕ್ ದಾರದಲ್ಲಿ ನೇತಾಡುತ್ತಿದ್ದವು. ಫೋಟೋದಲ್ಲಿ ಕಾಣದಂತೆ ಅವನ್ನು ಒಳಗೆ ಮಡಚುವುದು ನನ್ನ ಕೆಲಸ.

ಮಣಿಪಾಲದ ಒಂದು ಸಾಮಾಜಿಕ ಉದ್ಯಮಕ್ಕೆ ನಾನು ವರದಿ ಬರೆಯುತ್ತಿದ್ದೆ. ಕಾಪು ಬಳಿಯ ಒಂದು ಗ್ರಾಮ ಪಂಚಾಯತಿಯೊಂದಿಗೆ ಸೇರಿ ನಾವು ಒಣಕಸ ವಿಂಗಡಿಸುವ ಶೆಡ್ ನಡೆಸುತ್ತಿದ್ದೆವು. ನಡೆಸುತ್ತಿದ್ದವರು ಆರು ಹೆಂಗಸರು; ನಾವು ಅದರ ಬಗ್ಗೆ ಮಾತಾಡುತ್ತಿದ್ದೆವು. ಕಡಲ ಬದಿಯ ಕಸದಲ್ಲಿ, ಹರಿದ ಬಲೆಯೊಳಗೆ, ಗಾಳಗಳು ಅಡಗಿರುತ್ತವೆ. ಅವರಲ್ಲಿ ಹಿರಿಯರಾದ ಅಕ್ಕನ ಹೆಬ್ಬೆರಳಿಗೆ ಗಾಳ ಹೊಕ್ಕು ಕೀವಾಗಿತ್ತು. ಕೈಗವಸು ಕೊಡಿ ಎಂದು ಅವರು ಮಳೆಗಾಲದಿಂದಲೂ ಕೇಳುತ್ತಿದ್ದರು. ಅದು ಉದ್ಯಮದ ಜವಾಬ್ದಾರಿ ಎಂದು ಪಂಚಾಯತಿ, ಪಂಚಾಯತಿಯ ಜವಾಬ್ದಾರಿ ಎಂದು ಉದ್ಯಮ. ವರದಿಯಲ್ಲಿ ಇದಕ್ಕೆ ‘ಸಹಭಾಗಿತ್ವ’ ಎಂಬ ಹೆಸರಿತ್ತು. ಬರೆದವಳು ನಾನೇ.

ಅಂದು ನೆರವು ಕೊಡುವವರು ನೋಡಲು ಬರುವವರಿದ್ದರು. ನಮ್ಮ ಉದ್ಯಮದ ಸಂಸ್ಥಾಪಕರು ಮಣಿಪಾಲದ ಹಾಸ್ಟೆಲೊಂದರಿಂದ ತೊಳೆದ ಬಾಟಲಿಗಳನ್ನು ಕಾರಿನಲ್ಲಿ ತಂದು ಸುರಿಸಿದರು. ಆಗಲೇ ವಿಂಗಡಿಸಿದ್ದ ಅವನ್ನು ಬೆರೆಸಿ, ಬಂದವರೆದುರು ಹೆಂಗಸರು ಮತ್ತೆ ವಿಂಗಡಿಸಬೇಕಿತ್ತು.

“ಅಕ್ಕ, ಗ್ಲೌಸ್ ಕೊಳೆ ಮಾಡ್ಬೇಡಿ. ನಾಳೆ ಕಾರ್ಕಳದ ಶೆಡ್ಡಿಗೂ ಇದೇ ಬೇಕು,” ಎಂದರು ಸಂಸ್ಥಾಪಕರು.

“ಹಾಗಾದ್ರೆ ಮೆಹಂದಿ ಹಚ್ಚಿದ ಮದುಮಗಳ ಹಾಗೆ ಕೈ ಎತ್ತಿ ಕೂತ್ಕೊಳ್ತೇನೆ, ಆಗ್ಬಹುದಾ ಮಾರಾಯ್ರೆ?” ಎಂದರು ಅಕ್ಕ.

ಹೆಂಗಸರೆಲ್ಲ ನಕ್ಕರು. ಪಂಚಾಯತಿ ಅಧ್ಯಕ್ಷರೂ ಸ್ವಲ್ಪ ತಡವಾಗಿ ನಕ್ಕರು.

ಬಂದ ಅತಿಥಿ ಮೂಗರಳಿಸಿ, “ವಾಸನೆಯೇ ಇಲ್ವಲ್ಲ!” ಎಂದರು.

“ಅದು ನಮ್ಮ ವಿಧಾನ,” ಎಂದರು ಸಂಸ್ಥಾಪಕರು.

“ನಮ್ಮ ಪಂಚಾಯತಿದ್ದು ಸರ್,” ಎಂದರು ಅಧ್ಯಕ್ಷರು.

ಕೈಗವಸು ಯಾರಿಗೂ ಸೇರಿರಲಿಲ್ಲ. ಇಲ್ಲದ ವಾಸನೆಗೆ ಮಾತ್ರ ಇಬ್ಬರು ವಾರಸುದಾರರು.

ಅತಿಥಿಯ ಕಾರು ಹೊರಟ ಕೂಡಲೇ ಕೈಗವಸುಗಳನ್ನು ಹಿಂದಕ್ಕೆ ಪಡೆದೆ. ಅಕ್ಕ ಕೊನೆಯವರಾಗಿ ಕಳಚಿದರು, ಬಟ್ಟೆ ಸುತ್ತಿದ ಹೆಬ್ಬೆರಳನ್ನು ನಿಧಾನವಾಗಿ ಎಳೆದುಕೊಂಡು.

“ಇದು ಕೈಗೆ ಅಲ್ಲ, ಫೋಟೋಕ್ಕೆ ಅಲ್ವಾ ಮೇಡಂ?”

ನಾನು ಆರೂ ಜೋಡಿಗಳನ್ನು ಪೆಟ್ಟಿಗೆಗೆ ತುಂಬಿದೆ, ಮರುದಿನ ಕಾರ್ಕಳಕ್ಕೆ ಒಯ್ಯಲು. ಸಂಜೆ ಅಲೆವೂರಿನ ಮನೆಯಲ್ಲಿ ‘ಕಾರ್ಮಿಕರಿಗೆ ಸುರಕ್ಷಾ ಸಲಕರಣೆಗಳನ್ನು ಒದಗಿಸಲಾಗಿದೆ’ ಎಂದು ಬರೆದೆ. ವ್ಯಾಕರಣ ಸರಿಯಾಗಿತ್ತು. ಪೆಟ್ಟಿಗೆ ಮೇಜಿನ ಮೇಲೆಯೇ ಇತ್ತು.

ಮರುದಿನ ಬೆಳಿಗ್ಗೆ ಉಡುಪಿಯಲ್ಲಿ ಕಾರ್ಕಳದ ಬಸ್ಸು ಬಿಟ್ಟು ಕಾಪುವಿನ ಬಸ್ಸು ಹತ್ತಿದೆ. ಸೀಟಿನಲ್ಲಿ ಕುಳಿತು ಉಗುರುಕತ್ತರಿಯಿಂದ ಬೆಲೆಚೀಟಿಗಳನ್ನೆಲ್ಲ ಕತ್ತರಿಸಿದೆ. ಶೆಡ್ಡಿನಲ್ಲಿ, ಯಾರೂ ಮರಳಿ ಕೇಳದಂತೆ, ಆರೂ ಜೋಡಿಗಳನ್ನು ಕಸದೊಡನೆ ಬಂದಿದ್ದ ಮೀನಿನ ಡಬ್ಬದ ತಳದ ನಾರುವ ನೀರಿನಲ್ಲಿ ಅದ್ದಿದೆ. ಮೊದಲ ಜೋಡಿಯನ್ನು ಹಿಂಡಿ ಅಕ್ಕನಿಗೆ ಕೊಟ್ಟೆ.